ಸೊನ್ನೆ ಬಂದರೆ ನೀರು ಬೆರೆಸಿ

ವೈರಾಂಕ ಅಳೆಯುವ ಯಂತ್ರವನ್ನು ಕಂಡುಹಿಡಿದವನು ಯಾರೋ ಏನೋ, ಅವನು ಒಂದೇ ಒಂದು ದಿನ ಹುಬ್ಬಳ್ಳಿಯ ನಮ್ಮ ಮನೆಗೆ ಬಂದು ನಮ್ಮತ್ತೆ ನಿಂಬೆವ್ವನ ಎದುರು ಕೂತು ಚಹಾ ಕುಡಿದಿದ್ದರೆ ಅಷ್ಟು ಖರ್ಚು ಮಾಡಿ ಯಂತ್ರ ಕಟ್ಟುವ ಗೋಜಿಗೆ ಹೋಗುತ್ತಿರಲಿಲ್ಲ. ವೈರ ಎಂದರೇನು ಎನ್ನುವುದು ಕಪ್ಪು ಕೆಳಗಿಡುವುದರೊಳಗೆ ತಿಳಿಯುತ್ತಿತ್ತು. ಈ ಮಾತನ್ನು ನಾನು ತರಬೇತಿಯ ಮೊದಲ ದಿನವೇ ಹೇಳಿ ಎಲ್ಲರನ್ನೂ ನಗಿಸಿದ್ದೆ. ಫಿಲೋಮಿನಾ ಮೇಡಂ ಮಾತ್ರ ನಗಲಿಲ್ಲ.

ನನ್ನ ಹೆಸರು ದಾಕ್ಷಾಯಿಣಿ. ಕಸಿ ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್. ಒಬ್ಬರ ಕಿಡ್ನಿಯನ್ನೋ ಲಿವರನ್ನೋ ಇನ್ನೊಬ್ಬರಿಗೆ ಹಾಕುವ ಮೊದಲು, ಪಡೆಯುವವರ ದೇಹ ಅದನ್ನು ಒಪ್ಪುತ್ತದೋ ಒದ್ದು ಹೊರಗೆ ಹಾಕುತ್ತದೋ ಎಂದು ಪರೀಕ್ಷಿಸಿ ಹೇಳುವುದು ನಮ್ಮ ಕೆಲಸ. ಮುಂಚೆ ಇದಕ್ಕೆ ರಕ್ತ, ಬಣ್ಣ, ಸೂಕ್ಷ್ಮದರ್ಶಕ ಇದ್ದರೆ ಸಾಕಿತ್ತು. ಈಗ ‘ಮರಿ’ ಬಂದಿದೆ. ಪುಸ್ತಕದಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ, ನಾವ್ಯಾರೂ ಅದನ್ನು ಬಳಸುವುದಿಲ್ಲ.

ಅಂಗೈಯಗಲದ ಗಾಜಿನ ತಟ್ಟೆ. ಅದರೊಳಗೆ ರೋಗಿಯ ರಕ್ತದಿಂದಲೇ ಬೆಳೆಸಿದ ಒಂದು ಪುಟ್ಟ ರಕ್ಷಣಾ ಪಡೆ. ರೋಗಿಯ ಮೈ ಹುಟ್ಟಿದಾಗಿನಿಂದ ಯಾರನ್ನು ಪರಕೀಯರೆಂದು ಗುರುತಿಟ್ಟುಕೊಂಡಿದೆಯೋ ಅದೆಲ್ಲ ಮರಿಗೂ ನೆನಪಿರುತ್ತದೆ. ಆ ತಟ್ಟೆಯ ಸಾಲು ಸಾಲು ಗುಳಿಗಳಲ್ಲಿ ದಾನಿಗಳ ಜೀವಕೋಶ ಬಿಡುತ್ತೇವೆ. ಬದುಕಿರುವ ಕೋಶ ಹಸಿರಾಗಿ ಹೊಳೆಯುತ್ತದೆ, ಮರಿ ಕೊಂದದ್ದು ಕೆಂಪಾಗುತ್ತದೆ. ಕ್ಯಾಮೆರಾ ಕೆಂಪನ್ನು ಎಣಿಸಿ ನೂರಕ್ಕೆ ಇಷ್ಟು ಎಂದು ಒಂದು ಅಂಕಿ ಕೊಡುತ್ತದೆ. ಅದೇ ವೈರಾಂಕ. ಸೊನ್ನೆ ಬಂದರೆ ಗೆಳೆತನ, ನೂರು ಬಂದರೆ ಕೊಲೆ.

ಜನ ಇದಕ್ಕೆ ಎಷ್ಟು ಬೇಗ ಒಗ್ಗಿಹೋದರೆಂದರೆ ನನಗೇ ಆಶ್ಚರ್ಯ. ಮರಿಗಳನ್ನಿಡುವ ಬೆಚ್ಚನೆಯ ಕಪಾಟಿನ ಹಿಡಿಕೆಗೆ ದಾರ ಕಟ್ಟಿ ಹೋಗುತ್ತಾರೆ. ನೋಡಲು ಬಂದಾಗ ಗಾಜಿಗೆ ವಿಭೂತಿ ಹಚ್ಚಲೇ ಎಂದು ಕೇಳುತ್ತಾರೆ. ಸಂಬಂಧ ಕುದುರಿಸುವವರು ಜಾತಕದ ಜೊತೆಗೆ ವೈರಾಂಕವನ್ನೂ ಕೇಳತೊಡಗಿದ್ದಾರೆ, ಅವರಿಗೂ ಕಿಡ್ನಿಗೂ ಏನು ಸಂಬಂಧವೋ ಆ ದೇವರೇ ಬಲ್ಲ.

ಮರಿಯನ್ನು ಮುಟ್ಟಬೇಕಾದರೆ ಹೊಸದಾಗಿ ತರಬೇತಿ ಪಡೆಯಲೇಬೇಕೆಂಬ ಕಾನೂನು ಬಂತು. ಹತ್ತಿ ಮಾರುಕಟ್ಟೆಯ ಹಿಂದಿನ ಹಳೇ ಗೋದಾಮನ್ನು ರಿಪೇರಿ ಮಾಡಿ ಕೇಂದ್ರ ಮಾಡಿದ್ದರು. ಊರಿನ ರೋಗಿಗಳ ಮರಿಗಳೆಲ್ಲ ಅಲ್ಲೇ ಇದ್ದವು. ಎಷ್ಟೇ ಫಿಲ್ಟರ್ ಹಾಕಿದರೂ ಹತ್ತಿಯ ಧೂಳು ಮೂಗಿಗೆ ಬರುತ್ತಿತ್ತು. ಕಲಿಸಲು ಬಂದವರು ಮಂಗಳೂರಿನ ಫಿಲೋಮಿನಾ ಮೇಡಂ. ಒಳ್ಳೆಯ ಮಾತು ಆಡಿದರೆ ನಾಲಿಗೆ ಸವೆಯುತ್ತದೆ ಎಂದು ನಂಬಿದ ಹೆಂಗಸು. ಪಿಪೆಟ್ ಹಿಡಿದ ಕೈ ಒಂದಿಷ್ಟು ಅಲುಗಿದರೆ ಸಾಕು, ನೀವು ಹೋಗಿ ಹೋಟೆಲಿನಲ್ಲಿ ಚಟ್ನಿ ಬಡಿಸಿ ಅನ್ನುತ್ತಿದ್ದರು.

ಅಲ್ಲೊಂದು ಪದ್ಧತಿ ಇತ್ತು. ಮೊದಲ ದಿನವೇ ಕಲಿಯಲು ಬಂದ ಎಲ್ಲರ ರಕ್ತ ತೆಗೆದು, ಒಬ್ಬೊಬ್ಬರ ಮರಿಗೂ ಉಳಿದವರ ಕೋಶ ಬಿಟ್ಟು, ಬಂದ ವೈರಾಂಕಗಳನ್ನು ಗೋಡೆಗೆ ಅಂಟಿಸುವುದು. ಬಾಗಲಕೋಟೆಯ ಬಸು ತಳವಾರನಿಗೂ ನನಗೂ ತೊಂಬತ್ತರ ಮೇಲೆ ಬಂತು. ಅಕ್ಕಾರ, ನಿಮ್ಮ ರಕ್ತ ನನ್ನ ಮ್ಯಾಲೆ ಚಾಕು ಹಿಡದು ನಿಂತೈತಿ ಎಂದು ಅವನು ಕುರ್ಚಿ ಎತ್ತಿಕೊಂಡು ಆಚೆ ಸಾಲಿಗೆ ಹೋದ. ತಮಾಷೆಗೆ ಶುರುವಾದದ್ದು ವಾರ ಕಳೆಯುವುದರೊಳಗೆ ತಮಾಷೆಯಾಗಿ ಉಳಿಯಲಿಲ್ಲ. ದೊಡ್ಡ ಅಂಕಿ ಬಂದವರು ಬುತ್ತಿ ಹಂಚಿಕೊಳ್ಳುವುದನ್ನು ಬಿಟ್ಟರು. ಓದಿದವರ ಹಣೆಬರಹ ಇಷ್ಟು.

ಇನ್ನೊಂದು ಪದ್ಧತಿ ‘ಬಳಗದ ಸಾಲು’. ಯಾವ ರೋಗಿಯ ಮರಿಯನ್ನು ಪರೀಕ್ಷೆಗೆ ತೆಗೆದರೂ, ದಾನಿಯ ಕೋಶದ ಪಕ್ಕದ ಗುಳಿಗಳಲ್ಲಿ ನಮ್ಮೆಲ್ಲರ ಕೋಶಗಳನ್ನೂ ಬಿಡಬೇಕು, ಕಣ್ಣು ಪಳಗಲಿ ಎಂದು. ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರದು ಎಂದು ಅವರವರಿಗೆ ಮಾತ್ರ ಗೊತ್ತು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದೆ ಇದ್ದದ್ದು ಮೇಡಂ ಅವರ ಒಂದು ಹಟ.

“ಸೊನ್ನೆ ಬಂತು ಅಂತ ಕುಣಿಯಬೇಡಿ ಮಾರಾಯ್ರೆ. ಸೊನ್ನೆ ಬಂದರೆ ನೀರು ಬೆರೆಸಿ, ಪುನಃ ನೋಡಿ,” ಅನ್ನುತ್ತಿದ್ದರು.

ಅದಕ್ಕೆ ಅವರು ಕೊಟ್ಟ ಕಾರಣ ಇದು. ವೈರ ಸ್ವಲ್ಪ ಇದ್ದರೆ ತಟ್ಟೆಯಲ್ಲಿ ಕೆಂಪು ಕಾಣುತ್ತದೆ. ಆದರೆ ವೈರ ವಿಪರೀತ ಇದ್ದಾಗ, ಕೊಲ್ಲಲು ಬಂದ ಕಣಗಳೆಲ್ಲ ಒಂದೇ ಸಲ ಕೋಶದ ಮೇಲೆ ಮುಗಿಬಿದ್ದು, ಹಳೇ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬಾಗಿಲಿಗೆ ನುಗ್ಗಿದ ಜನರ ಹಾಗೆ ಒಬ್ಬರನ್ನೊಬ್ಬರು ನೂಕುತ್ತ ಯಾರೂ ಒಳಗೆ ಹೋಗುವುದಿಲ್ಲ. ಕೋಶ ಹಸಿರಾಗಿಯೇ ಉಳಿಯುತ್ತದೆ. ಯಂತ್ರ ಸೊನ್ನೆ ಅನ್ನುತ್ತದೆ. ಮರಿಯ ದ್ರವಕ್ಕೆ ಹದವಾದ ಉಪ್ಪುನೀರು ಬೆರೆಸಿ ಗುಂಪು ತೆಳ್ಳಗೆ ಮಾಡಿದರೆ ಆಗ ಅಸಲು ಬಣ್ಣ ಹೊರಗೆ ಬರುತ್ತದೆ. ದೇಹದೊಳಗೆ ಜಾಗಕ್ಕೇನು ಬರವಿಲ್ಲ, ಅಲ್ಲಿ ನೂಕುನುಗ್ಗಲು ಆಗುವುದಿಲ್ಲ. ಹಾಕಿದ ಕಿಡ್ನಿ ಆಪರೇಷನ್ ಟೇಬಲ್ಲಿನ ಮೇಲೆಯೇ ಕಪ್ಪಾಗುತ್ತದೆ.

ಹೊಸ ಯಂತ್ರಕ್ಕೆ ಈ ತೊಂದರೆ ಇಲ್ಲವೆಂದು ಅದನ್ನು ಮಾಡಿದ ಕಂಪನಿಯೇ ಹೇಳಿತ್ತು. ಆಸ್ಪತ್ರೆಗಳು ಯಂತ್ರದ ಅಂಕಿಯನ್ನು ನೋಡಿ ದಿನ ಗೊತ್ತು ಮಾಡುತ್ತಿದ್ದವು. ಮೇಡಂ ಮಾತು ಕೇಳಿದರೆ ಇಡೀ ದಿನ ಹಾಳು. ನಾವೆಲ್ಲ ಹಲ್ಲು ಕಡಿಯುತ್ತ ಅಭ್ಯಾಸದ ತಟ್ಟೆಗಳಿಗೆ ಉಪ್ಪುನೀರು ಬೆರೆಸುತ್ತಿದ್ದೆವು.

ಇನ್ನು ಮನೆಯ ವಿಚಾರ. ನಿಂಬೆವ್ವನ ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೇಲೆ ಡಾಕ್ಟರು ನೀರಿಗೆ ಅಳತೆ ಹಾಕಿದರು. ಬೆಳಿಗ್ಗೆ ಒಂದು ಸಣ್ಣ ಲೋಟ, ಮಧ್ಯಾಹ್ನ ಒಂದು, ರಾತ್ರಿ ಅರ್ಧ. ಹೆಚ್ಚು ಕುಡಿದರೆ ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಅಳತೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಬಾಯಾರಿದ ಮುದುಕಿಗೆ ಸೊಸೆ ನೀರು ಕೊಡುವುದಿಲ್ಲ ಎಂಬ ಸುದ್ದಿ ಓಣಿಯ ತುಂಬ ಹರಡಲು ಹೊತ್ತು ಹಿಡಿಯಲಿಲ್ಲ. ಹರಡಿದವಳು ನಿಂಬೆವ್ವನೇ. ಅವಳು ಕಟ್ಟೆಯ ಮೇಲೆ ಕೂತು ಹೋಗಿಬರುವವರ ಹತ್ತಿರ ನೀರು ಬೇಡುತ್ತಿದ್ದಳು, ಅವರು ಅಯ್ಯೋ ಪಾಪ ಎಂದು ಕೊಡುತ್ತಿದ್ದರು, ಆಮೇಲೆ ಏದುಸಿರು ಬಿಡುವ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದವಳು ನಾನು. ನನಗೆ ಅವಳ ಮೇಲೆ ಕರುಣೆ ಇರಲಿಲ್ಲ. ಇದ್ದರೂ ಅದನ್ನು ತೋರಿಸಲು ಅವಳು ಜಾಗ ಬಿಟ್ಟಿರಲಿಲ್ಲ.

ಒಮ್ಮೆ ಅವಳ ಮರಿಯನ್ನು ತೋರಿಸಲು ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಗಾಜಿನೊಳಗೆ ಗುಲಾಬಿ ಬಣ್ಣದ ಪೋಷಕ ದ್ರವ ಸದಾ ಹರಿಯುತ್ತಿರುತ್ತದೆ. ಅದನ್ನು ನೋಡಿ, “ಇದಕ್ಕ ಇಡೀ ದಿನಾ ಕುಡಸ್ತಾರ. ಅದರ ಅವ್ವಗ ಲೋಟ ಹಿಡದು ಲೆಕ್ಕಾ ಮಾಡ್ತಾರ,” ಎಂದು ಎಲ್ಲರೆದುರು ಅಂದಳು. ಬಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ನಿಂಬೆವ್ವ ಹಡೆದದ್ದು ಹಲವು, ಬದುಕಿದ್ದು ಒಂದು. ಅದೇ ನನ್ನ ಗಂಡ ಗುರುಸಿದ್ಧ. ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ತಾಯಿ ಕೂಗಿದರೆ ಊಟದ ತಾಟು ಬಿಟ್ಟು ಏಳುವ ಮಗ. ತನ್ನ ಒಂದು ಕಿಡ್ನಿ ಕೊಡುತ್ತೇನೆ ಎಂದು ಅವನು ಹೇಳಿದ ದಿನ ನಿಂಬೆವ್ವ ನನ್ನ ಕಡೆ ನೋಡಿದ ನೋಟದಲ್ಲಿ, ನೋಡು, ಅಂವ ಯಾರ ಮಗ ಎಂಬ ಮಾತು ಅಚ್ಚೊತ್ತಿದ ಹಾಗಿತ್ತು.

ಪರೀಕ್ಷೆ ಆಯಿತು. ಮನೆಯವರ ಮರಿಯನ್ನು ಮುಟ್ಟುವ ಹಾಗಿಲ್ಲವೆಂಬ ನಿಯಮದಿಂದ ನಾನು ದೂರ ನಿಂತಿದ್ದೆ. ಆಸ್ಪತ್ರೆಗೆ ಬೇಕಾದಂತೆ ಯಂತ್ರವೊಂದರಲ್ಲೇ ನೋಡಿದರು. ವೈರಾಂಕ ಸೊನ್ನೆ ಬಂತು. ಶ್ರಾವಣ ಮುಗಿದ ಕೂಡಲೇ ಆಪರೇಷನ್ ಎಂದು ಆಸ್ಪತ್ರೆಯವರು ಹೇಳಿದರು. ಗುರುಸಿದ್ಧ ಓಣಿಗೆಲ್ಲ ಪೇಢೆ ಹಂಚಿದ. ಹೆತ್ತ ಕರುಳು, ಸೊನ್ನೆ ಬರದೆ ಇನ್ನೇನು ಬರುತ್ತದೆ ಎಂದು ಬಂದವರೆಲ್ಲ ಅಂದರು. ನಿಂಬೆವ್ವ ಒಂದು ಪೇಢೆ ನನಗೂ ಕೊಟ್ಟಳು. ಮದುವೆಯಾದ ಮೇಲೆ ಅವಳು ತಾನಾಗಿ ನನ್ನ ಕೈಗೆ ಕೊಟ್ಟ ಮೊದಲ ತಿನಿಸು ಅದು.

ಅದು ಬಾಯಲ್ಲಿ ಕರಗುವ ಮೊದಲೇ ನನಗೆ ಆ ಸೊನ್ನೆಯ ಮೇಲೆ ಅನುಮಾನ ಬಂತು. ಬಸುರಿಯಾದ ಹೆಂಗಸಿನ ಮೈ ತನ್ನೊಳಗಿರುವ ಮಗುವಿನಲ್ಲಿ ಗಂಡನ ಕಡೆಯ ಅರ್ಧವನ್ನು ಪರಕೀಯವೆಂದು ಗುರುತಿಡುತ್ತದೆ. ಮಗುವಿಗೆ ಏನೂ ಮಾಡುವುದಿಲ್ಲ, ಆದರೆ ನೆನಪಿಟ್ಟುಕೊಳ್ಳುತ್ತದೆ. ಪ್ರತಿ ಬಸಿರಿಗೂ ಆ ನೆನಪು ಬಲಿಯುತ್ತದೆ. ಅಷ್ಟೊಂದು ಹಡೆದ ನಿಂಬೆವ್ವನ ರಕ್ತಕ್ಕೆ ಮಗನ ಮೇಲೆ ಹತ್ತೋ ಇಪ್ಪತ್ತೋ ಬಂದಿದ್ದರೆ ನಾನು ಪೇಢೆ ನುಂಗುತ್ತಿದ್ದೆ. ಶುದ್ಧ ಸೊನ್ನೆ ಹೇಗೆ ಬಂತು?

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ, ನೀರು ಬೆರೆಸಿ ಇನ್ನೊಮ್ಮೆ ನೋಡಿಸೋಣ ಎಂದು. ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಯಂತ್ರ ಹೇಳಿದ ಮೇಲೂ ನಿನ್ನದೇನು ಅಂದ. ಅವ್ವ ಸಾಯಲಿ ಎಂದು ಕಾಯುತ್ತಿದ್ದೀಯಾ ಎಂದು ಕೇಳಲಿಲ್ಲ, ಆದರೆ ಕೇಳಿದ ಹಾಗೆಯೇ ಇತ್ತು. ಒಳಗಿನಿಂದ ನಿಂಬೆವ್ವ, ಗಂಡನ ಕಿಡ್ನಿ ತನ್ನ ಅಪ್ಪ ಕೊಟ್ಟ ಒಡವೆ ಎಂದು ತಿಳಿದಿದ್ದಾಳೆ ಎಂದು ಓಣಿಗೆ ಕೇಳುವಷ್ಟು ಜೋರಾಗಿ ಗೋಡೆಗೆ ಹೇಳಿದಳು. ಗಂಡನ ಹೊಟ್ಟೆ ಕೊಯ್ಯುವುದು ನನಗೆ ಇಷ್ಟವಿತ್ತು ಎಂದರೆ ಸುಳ್ಳಾದೀತು. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ನನಗೆ ಬೇಕಾದದ್ದೂ ನಿಜವೂ ಒಂದೇ ಕಡೆ ನಿಂತುಬಿಟ್ಟಿದ್ದವು. ಯಾರು ನಂಬುತ್ತಾರೆ?

ಮರುದಿನ ಮೇಡಂ ಮುಂದೆ ನಿಂತೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಕೇಳುವುದು ಸೊಸೆಯೋ, ಟೆಕ್ನಿಶಿಯನ್ನೋ?” ಎಂದರು.

ಇಬ್ಬರೂ ಎಂದೆ.

“ಹಾಗಾದರೆ ನೀನು ಕೈ ಹಾಕಬೇಡ. ಬಸು ಮಾಡಲಿ. ನೀನು ಆಚೆ ಕೂತು ನೋಡು, ಬಾಯಿ ತೆರೆಯಬೇಡ.”

ಬಸು ನಿಂಬೆವ್ವನ ಮರಿಯನ್ನು ಕಪಾಟಿನಿಂದ ತೆಗೆದ. ದಾನಿಯ ಗುಳಿ, ಪಕ್ಕದಲ್ಲಿ ಬಳಗದ ಸಾಲು. ಮೊದಲ ಸಲ ಏನೂ ಬೆರೆಸದೆ ನೋಡಿದ. ಗುರುಸಿದ್ಧನ ಗುಳಿ ಪೂರಾ ಹಸಿರು. ಒಮ್ಮೆ ನೀರು ಬೆರೆಸಿದ, ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಇನ್ನಷ್ಟು ಬೆರೆಸಿದ, ಅರ್ಧಕ್ಕರ್ಧ ಕೆಂಪಾಯಿತು. ಮತ್ತೂ ತೆಳ್ಳಗೆ ಮಾಡಿದಾಗ ಪರದೆಯ ಮೇಲೆ ಕುಂಕುಮ ಚೆಲ್ಲಿದಂತೆ ಆಗಿ, ಅಂಕಿ ತೊಂಬತ್ತೇಳಕ್ಕೆ ಹೋಗಿ ನಿಂತಿತು. ಬಸು ತಿರುಗಿ ನನ್ನ ಮುಖ ನೋಡಿದ. ಅವನಿಗೆ ಆಗ ನಗು ಬರಲಿಲ್ಲ. ಮೇಡಂ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ನಿಲ್ಲಿಸಿ ಎಂದರು. ಆಚೆಯವರು ಕಂಪನಿಯ ಹೆಸರು ಹೇಳಿ ಏನೋ ವಾದಿಸಿದ್ದಿರಬೇಕು. ಕಂಪನಿಗೆ ತಾಯಿಯಿಲ್ಲ, ಈ ಹುಡುಗನಿಗೆ ಇದ್ದಾಳೆ ಎಂದು ಹೇಳಿ ಫೋನಿಟ್ಟರು.

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನನ್ನ ಕಣ್ಣು ಬಳಗದ ಸಾಲಿನ ಮೇಲೆ ಹೋಯಿತು. ಒಬ್ಬೊಬ್ಬರ ಗುಳಿಯಲ್ಲೂ ಒಂದಿಷ್ಟು ಕೆಂಪು ಇತ್ತು. ಒಂದು ಗುಳಿ ಮಾತ್ರ ಹಸಿರು. ಅದು ನನ್ನ ನಂಬರು.

ಇದೂ ನೂಕುನುಗ್ಗಲಿನ ಸೊನ್ನೆಯೇ ಇರಬೇಕೆಂದು ನನಗೆ ಖಾತ್ರಿ ಇತ್ತು. ನಿಂಬೆವ್ವನ ರಕ್ತಕ್ಕೆ ನನ್ನ ಮೇಲೆ ವೈರ ಇಲ್ಲದಿದ್ದರೆ ಇನ್ನಾರ ಮೇಲೆ ಇದ್ದೀತು? ತೆಳ್ಳಗೆ ಮಾಡಿದ ತಟ್ಟೆಗಳನ್ನು ಒಂದೊಂದಾಗಿ ನೋಡಿದೆ. ಏರಲಿ, ಏರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಏರಲಿಲ್ಲ. ಎಷ್ಟು ನೀರು ಬೆರೆಸಿದರೂ ಹಸಿರು ಹಸಿರಾಗಿಯೇ ಇತ್ತು. ನಮ್ಮಿಬ್ಬರ ರಕ್ತದ ಗುಂಪೂ ಒಂದೇ ಎಂದು ನನಗೆ ಮೊದಲೇ ಗೊತ್ತಿತ್ತು. ನಾನು ಏನೂ ಹೇಳದೆ ಊಟದ ಡಬ್ಬಿ ತೆಗೆದುಕೊಂಡು ಹೊರಗೆ ಹೋದೆ. ಆ ನಂಬರು ನನ್ನದೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದಾಗ ಆಗಬೇಕಾದದ್ದೇ ಆಯಿತು. ಸೊನ್ನೆ ಇದ್ದದ್ದನ್ನು ನೀರು ಬೆರೆಸಿ ತೊಂಬತ್ತೇಳು ಮಾಡಿದಳು, ಹಾಲಿಗೆ ನೀರು ಬೆರೆಸುವವರನ್ನು ಕಂಡಿದ್ದೇನೆ, ರಕ್ತಕ್ಕೆ ಬೆರೆಸುವವಳನ್ನು ಈಗ ಕಂಡೆ ಎಂದು ನಿಂಬೆವ್ವ ಕಟ್ಟೆಯ ಮೇಲೆ ಕೂತು ಓಣಿಗೆ ಸಾರಿದಳು. ಗುರುಸಿದ್ಧ ಆ ದಿನ ಅಂಗಡಿಯಲ್ಲೇ ಮಲಗಿದ. ಎರಡು ದಿನ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ನಾನು ಲೋಟ ಅಳೆದು ನೀರಿಟ್ಟರೆ ನಿಂಬೆವ್ವ ಅದನ್ನು ತುಳಸಿಗೆ ಸುರಿದಳು. ಮೂರನೆಯ ದಿನ, ನನ್ನ ಕಣ್ಣಿಲೇ ನೋಡ್ತೀನಿ, ನಡಿ ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಗುರುಸಿದ್ಧನೂ ಬಂದ.

ಮೇಡಂ ಅಡ್ಡಿ ಮಾಡಲಿಲ್ಲ. ಬಸು ಹೊಸದಾಗಿ ತಟ್ಟೆ ಹೂಡಿ, ನೀರು ಬೆರೆಸಿ, ನಿಂಬೆವ್ವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಅವಳು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಇಟ್ಟಳು. ಹಸಿರು ಚುಕ್ಕೆಗಳು ಒಂದೊಂದಾಗಿ ಕೆಂಪಾಗುತ್ತಿದ್ದವು.

“ಸಾಯಾಕತ್ತಾವಲ್ಲ, ಇವು ಯಾರವು?”

ನಿಮ್ಮ ಮಗನವು ಎಂದ ಬಸು.

“ಕೊಲ್ಲಾಕತ್ತದ್ದು?”

ಬಸು ಮೇಡಂ ಕಡೆ ತಿರುಗಿದ. ಮೇಡಂ, ಅದು ನಿಮ್ಮದೇ ರಕ್ತ ಎಂದರು. ಹೆತ್ತದ್ದರಿಂದಲೇ ಹೀಗೆ ಆದದ್ದು, ಇದರಲ್ಲಿ ನಿಮ್ಮ ತಪ್ಪಿಲ್ಲ ಎಂದೂ ಹೇಳಿದರು. ಅವರ ಬಾಯಿಂದ ಮೆತ್ತಗಿನ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಗುರುಸಿದ್ಧ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ನಿಂಬೆವ್ವ ಎದ್ದು ನಿಂತಳು. ಅಳುತ್ತಾಳೆ ಎಂದುಕೊಂಡೆ. ಅವಳು ಅಳುವವಳಲ್ಲ.

“ನನ್ನ ಹೊಟ್ಯಾಗ ಇದ್ದಾಂವ ಅಂವ. ನನ್ನ ರಕ್ತ ಅವನ್ನ ಕೊಲ್ಲಾಂಗಿಲ್ಲ. ಇದೆಲ್ಲಾ ಈಕೀ ಕಲಿಸಿದ್ದು. ದಿನಾ ನೀರ ಅಳದು ಅಳದು ನನ್ನ ಒಣಗಿಸಿದ್ಲು, ಈಗ ನೀರ ಬೆರಸಿ ತಾಯಿ ರಕ್ತಾನ ವೈರಿ ಮಾಡಿದ್ಲು,” ಎಂದು ನನ್ನತ್ತ ಬೆರಳು ತೋರಿಸಿದಳು.

ನನಗೆ ಮೈಯೆಲ್ಲ ಉರಿಯಿತು. ವರ್ಷಗಟ್ಟಲೆ ಆಟೋದಲ್ಲಿ ಒಯ್ದದ್ದು, ಕಾಲು ಒತ್ತಿದ್ದು, ಓಣಿಯ ಹೆಂಗಸರ ಕಣ್ಣು ತಪ್ಪಿಸಿ ನಡೆದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಬಸುವನ್ನು ಪಕ್ಕಕ್ಕೆ ಸರಿಸಿ, ಮುಟ್ಟಬಾರದೆಂಬ ನಿಯಮವನ್ನು ಮೂಲೆಗೆ ಸೇರಿಸಿ, ಅದೇ ತಟ್ಟೆಯನ್ನು ಬಳಗದ ಸಾಲಿನಲ್ಲಿದ್ದ ನನ್ನ ಗುಳಿಗೆ ಸರಿಸಿದೆ.

“ಇದನ್ನೂ ನೋಡ್ರಿ ಅತ್ಯಾರ. ಇದಕ್ಕೂ ಅಷ್ಟ ನೀರು ಬೆರಸೇತಿ. ಅದ ರಕ್ತ, ನಿಮ್ಮದ.”

ಅವಳು ಮತ್ತೆ ಕಣ್ಣಿಟ್ಟಳು. ಎಲ್ಲಾ ಹಸರ ಅದಾವ, ಯಾರವಿವು ಎಂದು ಕೇಳಿದಳು.

“ನನ್ನವು,” ಎಂದೆ.

ಅವಳ ಮುಖ ಬಾಡಬೇಕು, ಎಲ್ಲರೆದುರು ಅವಳು ತಲೆ ತಗ್ಗಿಸಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಮಾತಿನ ಬೆನ್ನಿಗೆ ಏನು ಬರುತ್ತದೆ ಎಂದು ಯೋಚಿಸಲಿಲ್ಲ. ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದಾಗ, ಬಸು ಬಾಯಿ ತೆರೆದುಕೊಂಡು ನಿಂತಾಗ, ನಾನು ಆಡಿದ್ದೇನೆಂದು ನನಗೆ ಅರ್ಥವಾಯಿತು. ಗುರುಸಿದ್ಧ ತಾಯಿಯನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದ.

ನಿಂಬೆವ್ವ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕುರ್ಚಿಗೆ ಒರಗಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು:

“ಆಪರೇಷನ್ ಆದ ಮ್ಯಾಲೆ ನೀರು ಎಷ್ಟ ಕುಡೀಬಹುದು?”

“ಬೇಕಾದಷ್ಟು.”

“ನೀ ಲೋಟ ಹಿಡಕೊಂಡು ಎದುರಿಗೆ ನಿಂದ್ರಾಂಗಿಲ್ಲ?”

“ಇಲ್ರಿ.”

ಅವಳು ಸೆರಗು ಸರಿ ಮಾಡಿಕೊಂಡಳು. ಅಡುಗೆಮನೆಯಿಂದ ಬೋಗುಣಿ ತಾ ಅನ್ನುವಾಗಿನ ಅದೇ ದನಿಯಲ್ಲಿ, “ಹಂಗಾರ ಕೊಡು,” ಎಂದಳು.

ಇಲ್ಲ ಅನ್ನಲು ಬಾಯಿ ತೆರೆದೆ. ಅನ್ನಬಹುದಿತ್ತು, ಯಾವ ಕಾನೂನೂ ನನ್ನನ್ನು ಹಿಡಿಯುತ್ತಿರಲಿಲ್ಲ. ಕೂತ ಜಾಗದಲ್ಲೇ ಅವಳ ಉಸಿರು ಸುಂಯ್‌ಗುಡುವುದು ಕೇಳುತ್ತಿತ್ತು, ಬಹುಶಃ ದಾರಿಯಲ್ಲಿ ಯಾರದೋ ಕೈಯಲ್ಲಿ ನೀರು ಕುಡಿದು ಬಂದಿದ್ದಳು. ಅವಳ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಅದೇ ಸಿಟ್ಟಿನಲ್ಲಿ ಕೇಳಿದೆ:

“ಎಡಗಡೀದು ಬೇಕೋ, ಬಲಗಡೀದು ಬೇಕೋ?”

“ಚಲೋ ಇದ್ದದ್ದು ಕೊಡು,” ಎಂದಳು ನಿಂಬೆವ್ವ.